ಒಡಿಶಾದ 1999ರ ಸೂಪರ್ ಸೈಕ್ಲೋನ್: ಕಡಲುಬ್ಬರ, ಭೂರಚನೆ ಮತ್ತು ಸಾವಿನ ಲೆಕ್ಕ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಂದರಿನ ನೈಋತ್ಯಕ್ಕೆ, ಎರಸಮಾ ಸೀಮೆಯಲ್ಲಿ ನೆಲ ಹೊಕ್ಕ ಚಂಡಮಾರುತಕ್ಕೆ ಹೆಸರಿಲ್ಲ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ ಆರಂಭವಾದದ್ದು 2004ರಲ್ಲಿ. ಕೇಂದ್ರದಲ್ಲಿ ವಾಯುಭಾರ 912 ಹೆಕ್ಟೊಪಾಸ್ಕಲ್‌ಗೆ ಕುಸಿದಿತ್ತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಎಂಬುದು ಭಾರತೀಯ ಹವಾಮಾನ ಇಲಾಖೆಯ ಅಂದಾಜು. ಇಲಾಖೆಯ ವರ್ಗೀಕರಣದಲ್ಲಿ ಸೂಪರ್ ಸೈಕ್ಲೋನ್ ಎನಿಸಿಕೊಳ್ಳಲು ಬೇಕಾದದ್ದು 222 ಕಿ.ಮೀ. ಮಾತ್ರ. ಸರಕಾರಿ ಲೆಕ್ಕದಂತೆ ಸತ್ತವರು ಸುಮಾರು 10,000. ಅವರಲ್ಲಿ 8,000ಕ್ಕೂ ಹೆಚ್ಚು ಜನ ಜಗತ್‌ಸಿಂಗ್‌ಪುರ ಎಂಬ ಒಂದೇ ಜಿಲ್ಲೆಯವರು.

ಸಾವು ಹೀಗೆ ಒಂದೇ ಕಡೆ ದಟ್ಟೈಸಿದ್ದಕ್ಕೆ ಗಾಳಿಯನ್ನು ಕಾರಣವಾಗಿ ಹೇಳಲಾಗದು. ಗಾಳಿ ಭುವನೇಶ್ವರದ ಮರಗಳನ್ನೂ ಉರುಳಿಸಿತ್ತು, ಕಟಕದ ಮನೆಗಳ ಮಾಡುಗಳನ್ನೂ ಕಿತ್ತಿತ್ತು. ಜಗತ್‌ಸಿಂಗ್‌ಪುರದ ಎರಸಮಾ, ಕುಜಂಗದ ಕಡೆ ಜನರನ್ನು ಕೊಂದದ್ದು ಐದಾರು ಮೀಟರ್ ಎತ್ತರಕ್ಕೆ ಏರಿ ಒಳನುಗ್ಗಿದ ಕಡಲುಬ್ಬರ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರದ ಮಟ್ಟ ಸರಿಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಆ ಲೆಕ್ಕದಲ್ಲಿ 1999ರ ಕುಸಿತದಿಂದ ಏರಬಹುದಾದದ್ದು ಒಂದು ಮೀಟರ್ ಮಾತ್ರ. ಉಳಿದದ್ದೆಲ್ಲ ಗಾಳಿ ನೀರನ್ನು ದಂಡೆಯತ್ತ ನೂಕಿದ್ದರ ಫಲ. ತಳ ಆಳವಾಗಿದ್ದಲ್ಲಿ ಹೀಗೆ ನೂಕಿದ ನೀರು ಕೆಳಗಿನಿಂದ ಹಿಂದಕ್ಕೆ ಸರಿದುಹೋಗುತ್ತದೆ, ಆಳವಿಲ್ಲದಿದ್ದರೆ ರಾಶಿಬೀಳುತ್ತದೆ. ರಾಜ್ಯದ ದಕ್ಷಿಣ ತೀರದ ಗೋಪಾಲಪುರದಿಂದ ಈಶಾನ್ಯಕ್ಕೆ ಹೋದಂತೆ ದಂಡೆಗೆ ತಾಗಿದ ಆಳವಿಲ್ಲದ ಕಡಲತಳ ಅಗಲವಾಗುತ್ತ ಹೋಗುವುದರಿಂದ, ಒಂದೇ ಬಲದ ಗಾಳಿ ಒಂದೇ ರಾಜ್ಯದ ಎರಡು ತುದಿಗಳಲ್ಲಿ ಎರಡು ಬಗೆಯ ಉಬ್ಬರವನ್ನು ಎಬ್ಬಿಸಬಲ್ಲದು. ಉತ್ತರಾರ್ಧಗೋಳದ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುವುದರಿಂದ ಅದರ ಹಾದಿಯ ಬಲಬದಿಯಲ್ಲಿ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು.

ನೀರು ನುಗ್ಗಿದ ನೆಲವಾದರೋ ಮಹಾನದಿ, ಬ್ರಾಹ್ಮಣಿ, ವೈತರಣಿ ನದಿಗಳು ಹೂಳು ತಂದು ಕಟ್ಟಿದ ಮುಖಜಭೂಮಿ. ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ ಭತ್ತದ ಗದ್ದೆಗಳು, ನಡುನಡುವೆ ಒತ್ತೊತ್ತಾಗಿ ಹಳ್ಳಿಗಳು, ಮಣ್ಣಿನ ಗೋಡೆ ಹುಲ್ಲಿನ ಮಾಡಿನ ಮನೆಗಳು. ಓಡಿಹೋಗಿ ಏರಲು ಗುಡ್ಡವಿಲ್ಲ. ಚಂಡಮಾರುತ ನೆಲ ಹೊಕ್ಕ ಮೇಲೂ ಮುಂದೆ ಸಾಗದೆ ಒಂದು ದಿನಕ್ಕೂ ಹೆಚ್ಚು ಕಾಲ ಅಲ್ಲೇ ಸುತ್ತಾಡಿ ಮಳೆ ಸುರಿಸಿತು. ವೈತರಣಿಯ ಬಯಲಿನಲ್ಲಿ ನೆರೆ ಬಂದು, ಕಡಲು ಮುಟ್ಟದ ಊರುಗಳೂ ಮುಳುಗಿದವು.

ಮುನ್ಸೂಚನೆ ಇರಲಿಲ್ಲವೆಂಬ ಮಾತು ಸರಿಯಲ್ಲ. ಅದು ಇತ್ತು, ಕೇಳಿದವರು ಹೋಗಿ ನಿಲ್ಲಲು ಜಾಗವಿರಲಿಲ್ಲ. ಇಡೀ ತೀರಕ್ಕೆ ರೆಡ್‌ಕ್ರಾಸ್ ಕಟ್ಟಿಸಿದ್ದ ಆಶ್ರಯ ಕಟ್ಟಡಗಳು 23. ಮೇಲಾಗಿ, ಹನ್ನೆರಡು ದಿನಗಳ ಹಿಂದಷ್ಟೇ ಅಕ್ಟೋಬರ್ 17ರಂದು ಇನ್ನೊಂದು ಚಂಡಮಾರುತ ಗೋಪಾಲಪುರದ ಬಳಿ ಬೀಸಿ ಹೋಗಿತ್ತು. ಇಷ್ಟೇ ಎಂದುಕೊಳ್ಳಲು ಜನರಿಗೆ ಅದೊಂದು ಅಳತೆಗೋಲಾಗಿ ಒದಗಿದ್ದರೆ ಆಶ್ಚರ್ಯವಿಲ್ಲ.

ಆ ವರ್ಷದ ಕೊನೆಯಲ್ಲೇ ರಾಜ್ಯವು ತನ್ನದೇ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ದೇಶದ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ ಎಂಬುದನ್ನು ನೆನೆದರೆ ಈ ಹೆಜ್ಜೆಯ ತೂಕ ತಿಳಿಯುತ್ತದೆ. ಮುಂದಿನ ಎರಡು ದಶಕಗಳಲ್ಲಿ ಆಶ್ರಯ ಕಟ್ಟಡಗಳ ಸಂಖ್ಯೆ 800 ದಾಟಿತು. ಕಂಬಗಳ ಮೇಲೆ ನಿಂತ ಇವುಗಳ ನೆಲಮಟ್ಟವನ್ನು ನೀರು ಹಾಯ್ದುಹೋಗಲೆಂದು ತೆರೆದೇ ಬಿಡಲಾಗುತ್ತದೆ. ಇವುಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಶಾಲೆಗಳಾಗಿ ಬಳಕೆಯಾಗುತ್ತವೆ. ಇದನ್ನು ಉಳಿತಾಯದ ಉಪಾಯವೆಂದು ಮಾತ್ರ ನೋಡಬಾರದು: ದಿನಾ ಮಕ್ಕಳು ಹೋಗಿಬರುವ ಕಟ್ಟಡದ ದಾರಿ ಕತ್ತಲೆಯಲ್ಲೂ ಊರಿಗೆ ಗೊತ್ತಿರುತ್ತದೆ, ಬೀಗದ ಕೈ ಯಾರ ಬಳಿ ಇದೆಯೆಂದು ಹುಡುಕಬೇಕಾಗುವುದಿಲ್ಲ.

2013ರ ಅಕ್ಟೋಬರ್ 12ರ ರಾತ್ರಿ ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ದಂಡೆ ಮುಟ್ಟುವ ಮೊದಲೇ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಒಡಿಶಾದಲ್ಲಿ ಸತ್ತವರು 44. ಹತ್ತು ಸಾವಿರ ಮತ್ತು ನಲವತ್ತನಾಲ್ಕು ಎಂಬ ಈ ಜೋಡಿ ಅಂಕಿಗಳು ವಿಪತ್ತು ಅಧ್ಯಯನಗಳಲ್ಲಿ ಬಹಳ ಓಡಾಡಿವೆ. ಹೋಲಿಕೆ ಅಷ್ಟು ನೇರವಲ್ಲ. ಫೈಲಿನ್‌ನ ಗಾಳಿ ಗಂಟೆಗೆ ಸುಮಾರು 215 ಕಿ.ಮೀ.; ಅದು ಬಂದದ್ದು ಆಳವಿಲ್ಲದ ಕಡಲತಳ ಕಿರಿದಾಗಿರುವ ದಕ್ಷಿಣದ ಗಂಜಾಂ ತೀರಕ್ಕೆ; ಉಬ್ಬರ ಎರಡು, ಎರಡೂವರೆ ಮೀಟರ್ ಮೀರಲಿಲ್ಲ. ಯಾರನ್ನೂ ಸ್ಥಳಾಂತರಿಸದಿದ್ದರೂ 1999ರಷ್ಟು ಜನ ಅಲ್ಲಿ ಸಾಯುತ್ತಿರಲಿಲ್ಲವೆಂದೇ ತೋರುತ್ತದೆ. ಎರಡೂ ಅಂಕಿಗಳ ನಡುವಿನ ಅಂತರವನ್ನೆಲ್ಲ ಆಡಳಿತದ ಖಾತೆಗೆ ಜಮಾ ಮಾಡಿದರೆ ಕಡಲತಳದ ಪಾಲು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಹೆಚ್ಚು ನಂಬಬಹುದಾದ ಹೋಲಿಕೆ ಸಿಗುವುದು 1999ರ ಚಂಡಮಾರುತದ ಒಳಗೇ. ಅರ್ಥಶಾಸ್ತ್ರಜ್ಞರಾದ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಕೇಂದ್ರಪಾಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ಕಾಡಿನ ಪಟ್ಟಿ ಅಗಲವಾಗಿದ್ದಲ್ಲಿ ಸಾವು ಗಣನೀಯವಾಗಿ ಕಡಿಮೆಯಾದದ್ದನ್ನು ತೋರಿಸಿತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು, ಕಾಡಿನ ಪರವಾಗಿ ಅದನ್ನು ಉಲ್ಲೇಖಿಸುವವರು ಅನೇಕ ವೇಳೆ ಮರೆಯುವಂಥದ್ದು: ಕಾಡು ಉಳಿಸಿದ್ದಕ್ಕಿಂತ ಹೆಚ್ಚು ಜೀವಗಳನ್ನು ಸರಕಾರದ ಮುನ್ನೆಚ್ಚರಿಕೆ ಉಳಿಸಿತ್ತು. ಒಂದೇ ಚಂಡಮಾರುತ, ಒಂದೇ ಜಿಲ್ಲೆಯಾದ್ದರಿಂದ ಇಲ್ಲಿ ಸ್ಥಳಾಂತರದ ಬೆಲೆ ಕಟ್ಟುವುದು ಹೆಚ್ಚು ನ್ಯಾಯವಾಗಿದೆ.

2019ರ ಮೇ 3ರಂದು ಪುರಿಯ ಬಳಿ ನೆಲ ಹೊಕ್ಕ ಫನಿ ಚಂಡಮಾರುತಕ್ಕೆ ಮುನ್ನ ಸುಮಾರು 12 ಲಕ್ಷ ಜನ ಸ್ಥಳಾಂತರಗೊಂಡರು. 64 ಮಂದಿ ಸತ್ತರು. ಅದರ ಉಬ್ಬರವೂ 1999ರದ್ದಕ್ಕೆ ಸಮನಾಗಿರಲಿಲ್ಲ. 2020ರ ಆಂಫಾನ್ ಸಮುದ್ರದಲ್ಲಿ ಸೂಪರ್ ಸೈಕ್ಲೋನ್ ಆಗಿತ್ತಾದರೂ ದಂಡೆ ಮುಟ್ಟುವಷ್ಟರಲ್ಲಿ ಕ್ಷೀಣಿಸಿ ಪಶ್ಚಿಮ ಬಂಗಾಳದತ್ತ ಸರಿದಿತ್ತು. 1999ರ ನಂತರ ಕಟ್ಟಿದ ಇಡೀ ವ್ಯವಸ್ಥೆ ಈವರೆಗೆ ಎದುರಿಸಿರುವುದು ಎರಡೂವರೆ ಮೀಟರಿನ ಆಸುಪಾಸಿನ ಅಥವಾ ಅದಕ್ಕೂ ಕಡಿಮೆ ಉಬ್ಬರಗಳನ್ನು. ಎರಸಮಾದ ಗದ್ದೆಗಳ ಮೇಲೆ ಐದಾರು ಮೀಟರ್ ನೀರು ಮತ್ತೆ ಬಂದಿಲ್ಲ.