ಶಸ್ತ್ರವೈದ್ಯನ ಕೈಯಲ್ಲಿ ಅಗ್ನಿ

ನನ್ನ ಹೊಟ್ಟೆಯ ಮೇಲೆ ಎರಡು ಕಾಲದ ಗುರುತುಗಳಿವೆ. ಒಂದು, ನಾನು ಐದು ವರ್ಷದ ಹುಡುಗನಾಗಿದ್ದಾಗ ಕಾಮಾಲೆಯೆಂದು ಊರಿನ ಹಿರಿಯರೊಬ್ಬರು ಕಬ್ಬಿಣವನ್ನು ಕೆಂಪಗೆ ಕಾಯಿಸಿ ಹಾಕಿದ ಬರೆ. ಮತ್ತೊಂದು, ಹೋದ ವರ್ಷ ಪಿತ್ತಕೋಶವನ್ನು ತೆಗೆದಾಗ ಉಳಿದ, ಉಗುರಿನಷ್ಟು ಚಿಕ್ಕ ನಾಲ್ಕು ಕಲೆಗಳು. ಶಸ್ತ್ರಕ್ರಿಯೆ ಮಾಡಿದ ವೈದ್ಯರು ಒಂದು ಕಾಲದಲ್ಲಿ ನನ್ನಲ್ಲಿ ಸಂಸ್ಕೃತ ಓದಿದವರು. ಆ ಹಳೆಯ ಬರೆಯನ್ನು ನೋಡಿ ಅವರು, “ಮೇಷ್ಟ್ರೇ, ನಾನೂ ಒಳಗೆ ಸುಟ್ಟೇ ಕೆಲಸ ಮುಗಿಸಿದ್ದು” ಎಂದು ನಕ್ಕರು. ಆ ಸುಡುವಿಕೆಗೂ ಈ ಸುಡುವಿಕೆಗೂ ಇರುವ ಅಂತರವೇನೆಂದು ತಿಳಿಯಹೊರಟದ್ದರ ಫಲವೇ ಈ ಲೇಖನ.

ಶಸ್ತ್ರವೈದ್ಯನಿಗೆ ಕೊಯ್ಯುವುದು ಎಂದೂ ಅಷ್ಟು ಕಷ್ಟವಾಗಿರಲಿಲ್ಲ; ಕೊಯ್ದ ಮೇಲೆ ಹರಿಯುವ ನೆತ್ತರನ್ನು ನಿಲ್ಲಿಸುವುದೇ ಕಷ್ಟ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೆ ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳನ್ನು ಹೇಳಿ, ಮೊದಲಿನ ಮೂರೂ ಸೋತಲ್ಲಿ ಮಾತ್ರ ದಹನಕ್ಕೆ ಕೈಯಿಕ್ಕಬೇಕೆಂದು ವಿಧಿಸಿದೆ. ಅದೇ ಸ್ಥಾನದ 12ನೆಯ ಅಧ್ಯಾಯವು ಪೂರ್ತಿಯಾಗಿ ಅಗ್ನಿಕರ್ಮಕ್ಕೇ ಮೀಸಲು. ಚರ್ಮಕ್ಕೆ ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು ಮೊದಲಾದವು. ಮಾಂಸಕ್ಕೆ ಜಾಂಬವೌಷ್ಠವೆಂಬ ಉಪಕರಣ ಮತ್ತು ಲೋಹದ ಶಲಾಕೆಗಳು. ಸಿರೆ, ಸ್ನಾಯು, ಸಂಧಿಗಳಿಗೆ ಕಾಯಿಸಿದ ಜೇನು, ಬೆಲ್ಲ, ಎಣ್ಣೆ. ಹೀಗೆ ಅಂಗಕ್ಕೆ ತಕ್ಕ ಬಿಸಿಯನ್ನು ಗೊತ್ತುಮಾಡಿರುವುದನ್ನು ನೋಡಿದರೆ ಗ್ರಂಥಕಾರನ ವಿವೇಕ ತಿಳಿಯುತ್ತದೆ. ಸುಟ್ಟುದರಲ್ಲಿಯೂ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಗಳನ್ನು ಆತನು ಎಣಿಸಿದ್ದಾನೆ. ನಾಲ್ಕರಲ್ಲಿ ವೈದ್ಯನಿಗೆ ಬೇಕಾದುದು ಒಂದೇ. ನನಗೆ ಬರೆ ಹಾಕಿದ ಹಿರಿಯರಿಗೆ, ಪಾಪ, ಈ ವಿಂಗಡಣೆ ತಿಳಿದಿರಲಿಲ್ಲ.

ಈ ಅಧ್ಯಾಯವನ್ನು ಮುಂದಿಟ್ಟುಕೊಂಡು, ಇಂದಿನ ವಿದ್ಯುತ್ ಶಸ್ತ್ರಗಳೆಲ್ಲವೂ ನಮ್ಮ ಋಷಿಗಳಿಗೆ ಗೊತ್ತಿದ್ದವೆಂದು ವಾದಿಸುವ ಮಿತ್ರರಿದ್ದಾರೆ. ಪಾಠಶಾಲೆಯ ಅನ್ನ ಉಂಡವನಾದ ನನಗೂ ಆ ವಾದ ಹಿತವೇ; ಆದರೆ ಅದು ನಿಜವಲ್ಲ. ಸುಶ್ರುತನು ಎತ್ತಿದ ಪ್ರಶ್ನೆ ಎಷ್ಟು ಸುಡಬೇಕೆಂಬುದು. ಅದಕ್ಕೆ ಉತ್ತರವನ್ನು ಹುಡುಕಿದವರು ಬಹುಮಂದಿ, ಬಹುದೇಶದವರು.

ಯೂರೋಪಿನಲ್ಲಿ ಈ ಪ್ರಶ್ನೆ ಯುದ್ಧಭೂಮಿಯಲ್ಲಿ ಎದುರಾಯಿತು. ಕೋವಿಮದ್ದು ವಿಷವೆಂದು ನಂಬಿ ಅಲ್ಲಿನ ವೈದ್ಯರು ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆಯನ್ನು ಹೊಯ್ಯುತ್ತಿದ್ದರು. 1537ರಲ್ಲಿ ಟ್ಯೂರಿನ್ ನಗರದ ಬಳಿ ಫ್ರೆಂಚ್ ಸೇನೆಯೊಡನಿದ್ದ ಆಂಬ್ರ್ವಾಜ್ ಪಾರೆ ಎಂಬ ತರುಣ ವೈದ್ಯನಿಗೆ ಎಣ್ಣೆ ತೀರಿಹೋಯಿತು. ಉಳಿದವರಿಗೆ ಮೊಟ್ಟೆಯ ಹಳದಿ, ಗುಲಾಬಿ ತೈಲ, ಟರ್ಪೆಂಟೈನುಗಳ ಲೇಪವನ್ನು ಹಚ್ಚಿ, ಅವರು ಸತ್ತೇಹೋಗುವರೆಂಬ ಭಯದಿಂದ ರಾತ್ರಿಯೆಲ್ಲ ನಿದ್ರೆಯಿಲ್ಲದೆ ಕಳೆದನು. ಬೆಳಗ್ಗೆ ಎದ್ದು ನೋಡಿದರೆ ಲೇಪದವರು ನೆಮ್ಮದಿಯಾಗಿದ್ದರು. ಎಣ್ಣೆ ಹೊಯ್ಯಿಸಿಕೊಂಡವರು ಜ್ವರದಿಂದಲೂ ಬಾವಿನಿಂದಲೂ ನರಳುತ್ತಿದ್ದರು. ಮುಂದೆ ಆತನು ಕೈಕಾಲು ಕತ್ತರಿಸುವಾಗಲೂ ಕಾದ ಕಬ್ಬಿಣವನ್ನು ಬಿಟ್ಟು ರಕ್ತನಾಳವನ್ನು ದಾರದಿಂದ ಕಟ್ಟುವುದನ್ನು ಬಳಕೆಗೆ ತಂದನು.

ದಾರವು ಒಳ್ಳೆಯದೇ. ಆದರೆ ಮೆದುಳಿನಂಥ ಮೃದುವಾದ ಎಡೆಯಲ್ಲಿ, ಸಾವಿರ ಸಣ್ಣ ನಾಳಗಳು ಒಸರುವಲ್ಲಿ, ಯಾವುದನ್ನೆಂದು ಕಟ್ಟುವುದು?

ಅಗ್ನಿಯು ಬೇರೆ ರೂಪದಲ್ಲಿ ಮರಳಿ ಬಂದುದು ವಿದ್ಯುತ್ತಿನಿಂದ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಅದು ಮೈಗೆ ತಗುಲಿದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆವರ್ತವು 10,000ವನ್ನು ಮೀರಿದರೆ ಸ್ನಾಯುಗಳು ಹಾಗೆ ಸೆಟೆಯುವುದಿಲ್ಲವೆಂಬುದನ್ನು 1891ರ ಸುಮಾರಿಗೆ ಫ್ರಾನ್ಸಿನ ದಾರ್ಸೋನ್ವಾಲ್ ತೋರಿಸಿಕೊಟ್ಟನು. ಲಕ್ಷಗಟ್ಟಲೆ ಆವರ್ತಗಳ ಇಂಥ ಪ್ರವಾಹಕ್ಕೆ, ಆಕಾಶವಾಣಿಯ ಅಲೆಗಳ ಸಾಲಿನದೇ ಆದುದರಿಂದ, ರೇಡಿಯೋ ಆವರ್ತವೆಂದು ಹೆಸರು. ಇಲ್ಲಿ ಕಾಯುವುದು ಶಲಾಕೆಯಲ್ಲ. ಪ್ರವಾಹಕ್ಕೆ ಒಡ್ಡುವ ತಡೆಯಿಂದ ಮಾಂಸವೇ ತನ್ನೊಳಗೆ ತಾನು ಕಾಯುತ್ತದೆ. ಬರೆಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ.

1926ರ ಅಕ್ಟೋಬರ್ 1ರಂದು ಬಾಸ್ಟನ್ ನಗರದಲ್ಲಿ ಹಾರ್ವೆ ಕುಶಿಂಗ್ ಎಂಬ ಪ್ರಖ್ಯಾತ ಮಸ್ತಿಷ್ಕವೈದ್ಯನು, ಕೆಲವು ದಿನಗಳ ಹಿಂದೆ ರಕ್ತಸ್ರಾವಕ್ಕೆ ಹೆದರಿ ಅರ್ಧದಲ್ಲಿಯೇ ಕೈಬಿಟ್ಟಿದ್ದ ತಲೆಯ ಗಂಟೊಂದನ್ನು ಇಂಥ ಯಂತ್ರದಿಂದ ತೆಗೆದುಹಾಕಿದನು. ಯಂತ್ರವನ್ನು ನಿರ್ಮಿಸಿದ ವಿಲಿಯಂ ಬೋವಿ ವೈದ್ಯನೇ ಅಲ್ಲ, ಸಸ್ಯಗಳ ಜೀವಕ್ರಿಯೆಯನ್ನು ಓದಿದವನು. ತನ್ನ ಹಕ್ಕನ್ನು ಆತನು ಒಂದೇ ಡಾಲರಿಗೆ ಮಾರಿದನೆಂದು ಹೇಳುತ್ತಾರೆ. ಅಮೆರಿಕದ ವೈದ್ಯರು ಇಂದಿಗೂ ಆ ಉಪಕರಣವನ್ನು ‘ಬೋವಿ’ ಎಂದೇ ಕರೆಯುತ್ತಾರೆ. ಅಷ್ಟರಮಟ್ಟಿಗೆ ಋಣ ತೀರಿತೆನ್ನಬೇಕು.

ಎರಡನೆಯ ಶಕ್ತಿ ಧ್ವನಿ. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡರು. ವಿದ್ಯುತ್ತನ್ನು ಹಾಯಿಸಿದರೆ ಅವೇ ಸ್ಫಟಿಕಗಳು ಕಂಪಿಸುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಲಾಂಜೆವೆನ್ ಇದರಿಂದ ಜಲಾಂತರ್ಗಾಮಿಗಳನ್ನು ಹುಡುಕಹೊರಟನು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಕಣ್ಣಿನ ಪೊರೆಯನ್ನು ಕಂಪನದಿಂದ ಒಡೆದು ಹೀರಿ ತೆಗೆದನು. 1990ರ ದಶಕದಲ್ಲಿ ಬಂದ ಧ್ವನಿಯ ಕತ್ತರಿಯ ಅಲಗು ಸೆಕೆಂಡಿಗೆ 55,500 ಸಲ ನಡುಗುತ್ತದೆ. ನಮ್ಮ ಕಿವಿಗೆ ಕೇಳುವುದು 20,000ದವರೆಗೆ ಮಾತ್ರ. ಅಲಗಿನ ಓಲಾಟವೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನು ಮೀರದು. ಆ ಉಜ್ಜಾಟದಿಂದ ಮಾಂಸದ ಸಾರವು ಹೆಪ್ಪುಗಟ್ಟಿ ನಾಳದ ಬಾಯನ್ನು ಮುಚ್ಚುತ್ತದೆ, ಒಡನೆಯೇ ಕತ್ತರಿಸಿಯೂ ಹೋಗುತ್ತದೆ.

ಉದರವನ್ನು ಸೀಳದೆ ಸಣ್ಣ ರಂಧ್ರಗಳಿಂದ ಪಿತ್ತಕೋಶವನ್ನು ತೆಗೆಯುವ ಕ್ರಮವನ್ನು 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಆರಂಭಿಸಿದ ಮೇಲೆ, ಬೆರಳು ಹೋಗದೆಡೆಯಲ್ಲಿ ದಾರ ಕಟ್ಟುವುದು ಪ್ರಯಾಸದ ಕೆಲಸವಾಯಿತು. ಇಂಥ ಉಪಕರಣಗಳಿಗೆ ಬೇಡಿಕೆ ಹೆಚ್ಚಿತು. ಎರಡರಲ್ಲಿಯೂ ಕೊರತೆಯಿತ್ತು. ಧ್ವನಿಯ ಕತ್ತರಿಯು ಬೇಗ ಕೊಯ್ಯುವುದು, ದಪ್ಪ ನಾಳವನ್ನು ಮುಚ್ಚಲು ಅಳುಕುವುದು. ವಿದ್ಯುತ್ತಿನ ಚಿಮಟವು 7 ಮಿಲಿಮೀಟರಿನ ನಾಳವನ್ನೂ ಒತ್ತಿ ಬೆಸೆಯುವುದು, ಕೊಯ್ಯಲು ಬೇರೆ ಅಲಗನ್ನು ಬೇಡುವುದು. ಜಪಾನಿನ ಒಲಿಂಪಸ್ ಸಂಸ್ಥೆಯು 2012ರ ಸುಮಾರಿಗೆ ‘ಥಂಡರ್‌ಬೀಟ್’ ಎಂಬ ಉಪಕರಣದಲ್ಲಿ ಇವೆರಡನ್ನೂ ಒಂದೇ ಬಾಯಿಗೆ ಕೂಡಿಸಿತು. ನಡುಗುವ ಅಲಗೂ ಮೇಲಿನ ದವಡೆಯೂ ವಿದ್ಯುತ್ತಿನ ಎರಡು ಧ್ರುವಗಳು. ಒಂದು ಗುಂಡಿಯನ್ನು ಒತ್ತಿದರೆ ಬೆಸುಗೆ ಮಾತ್ರ, ಇನ್ನೊಂದನ್ನು ಒತ್ತಿದರೆ ಬೆಸುಗೆಯೊಡನೆ ಕೊಯ್ತ.

ನನಗೆ ಬಳಸಿದ್ದು ಇದಲ್ಲ, ಬೋವಿಯ ವಂಶದ ಒಂದು ಸಾಮಾನ್ಯ ಕೊಕ್ಕೆ. ಆದರೂ ನನ್ನ ಕುತೂಹಲವನ್ನು ಕಂಡು ವೈದ್ಯರು, ಕರುಳಿನ ಅರ್ಬುದವೇ ಮೊದಲಾದ ದೊಡ್ಡ ಶಸ್ತ್ರಕ್ರಿಯೆಗಳಿಗೆ ತಾವು ಬಳಸುವ ಈ ಹೊಸ ಉಪಕರಣವನ್ನು ತಂದು ತೋರಿಸಿದರು. ನಡುಕ ನಿಂತ ಮೇಲೆಯೂ ಅಲಗಿನ ಬಿಸಿಯು ಕೂಡಲೆ ಆರುವುದಿಲ್ಲವಂತೆ; ಮೈಮರೆತು ಪಕ್ಕದ ಕರುಳಿಗೆ ತಗುಲಿಸಿದರೆ ಅಂದು ಕಾಣದ ಗಾಯವು ನಾಲ್ಕು ದಿನದ ಮೇಲೆ ತೂತಾಗಿ ಪ್ರಾಣಕ್ಕೆ ಬರಬಹುದಂತೆ. “ಅತಿದಗ್ಧ” ಎಂದೆ. ಅವರು ತಲೆದೂಗಿ, ಪ್ರತಿಸಲವೂ ಕೊಯ್ದೊಡನೆ ಅಲಗನ್ನು ಏನಕ್ಕೂ ಸೋಂಕದಂತೆ ಬಯಲಿನಲ್ಲಿ ಹಿಡಿದು, ಮನಸ್ಸಿನಲ್ಲಿಯೇ ಎಣಿಸಿಕೊಂಡು ಕಾಯುವ ಬಗೆಯನ್ನು ಮೇಜಿನ ಮೇಲೆ ಮಾಡಿ ತೋರಿಸಿದರು.