ಬಿಡಿಭಾಗಗಳ ಪಟ್ಟಿಗೂ ಒಂದು ಚರಿತ್ರೆ

ಕಂಪ್ಯೂಟರನ್ನು ಎರಡು ಬಗೆಯಲ್ಲಿ ಕೊಳ್ಳಬಹುದು. ಅಂಗಡಿಯಲ್ಲಿ ಸಿದ್ಧವಾಗಿರುವ ಯಂತ್ರವನ್ನು ಪೆಟ್ಟಿಗೆ ಸಮೇತ ಮನೆಗೆ ತರುವುದು ಒಂದು ಬಗೆ. ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ ಎಂದು ಒಂದೊಂದನ್ನೇ ಆರಿಸಿ ಜೋಡಿಸಿಕೊಳ್ಳುವುದು ಇನ್ನೊಂದು. ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರು ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗಳು ದೇಶದಲ್ಲೆಲ್ಲ ಹೆಸರಾದದ್ದು ಈ ಎರಡನೆಯ ಬಗೆಯ ವ್ಯಾಪಾರದಿಂದ. ಮೊದಲ ಬಾರಿಗೆ ಆಟದ ಕಂಪ್ಯೂಟರ್ ಕೊಳ್ಳಹೊರಟ, ಜೇಬು ಅಷ್ಟೇನೂ ಭಾರವಿಲ್ಲದ ಹುಡುಗ ಹುಡುಗಿಯರು ಹಿಡಿಯುವುದು ಹೆಚ್ಚಾಗಿ ಇದೇ ದಾರಿಯನ್ನು. ಕೈಯಲ್ಲೊಂದು ಪಟ್ಟಿ, ತಲೆಯಲ್ಲೊಂದು ಲೆಕ್ಕ. ಒಂದು ಭಾಗಕ್ಕೆ ಸಾವಿರ ರೂಪಾಯಿ ಹೆಚ್ಚಾದರೆ ಇನ್ನೊಂದರಲ್ಲಿ ಅಷ್ಟು ಕಡಿತವಾಗಬೇಕು.

ಆದರೆ ಒಂದು ಪ್ರಶ್ನೆ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಬೇರೆ ಬೇರೆ ದೇಶಗಳ, ಪರಸ್ಪರ ಪೈಪೋಟಿಗೆ ಬಿದ್ದ ಕಂಪನಿಗಳು ತಯಾರಿಸಿದ ಈ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವುದಾದರೂ ಹೇಗೆ? ಟಿವಿಯನ್ನಾಗಲಿ, ಸ್ಕೂಟರನ್ನಾಗಲಿ ಹೀಗೆ ಬಿಡಿಬಿಡಿಯಾಗಿ ಆರಿಸಿ ಕೊಳ್ಳುವ ಪದ್ಧತಿ ಇಲ್ಲ. ಕಂಪ್ಯೂಟರಿಗೆ ಮಾತ್ರ ಈ ಸೌಲಭ್ಯ ಬಂದದ್ದು ಯಾರದೋ ಔದಾರ್ಯದಿಂದಲ್ಲ. ಅದರ ಹಿಂದೆ ಒಂದು ಅವಸರ, ಒಂದು ಜಾಣ ನಕಲು ಮತ್ತು ಒಂದು ದೈತ್ಯ ಕಂಪನಿಯ ಸೋಲು ಇದೆ.

ಅವಸರದ ಕೂಸು

1980ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಸಣ್ಣ ಕಂಪ್ಯೂಟರುಗಳ ಮಾರುಕಟ್ಟೆಯಲ್ಲಿ ಹಿಂದೆ ಬಿದ್ದಿತ್ತು. ಆಪಲ್‌ನಂಥ ಹೊಸಬರು ಮುಂದೆ ಓಡುತ್ತಿದ್ದರು. ಫ್ಲಾರಿಡಾದ ಬೋಕಾ ರಟೋನ್‌ನಲ್ಲಿದ್ದ ಐಬಿಎಂನ ಸಣ್ಣ ತಂಡವೊಂದಕ್ಕೆ ಒಂದೇ ವರ್ಷದಲ್ಲಿ ಯಂತ್ರ ತಯಾರಿಸುವ ಹೊಣೆ ಬಿತ್ತು. ತಂಡದ ಮುಖ್ಯಸ್ಥ ಡಾನ್ ಎಸ್ಟ್ರಿಜ್. ಎಲ್ಲವನ್ನೂ ಸ್ವಂತವಾಗಿ ತಯಾರಿಸುವ ಸಂಸ್ಥೆಯ ಹಳೆಯ ಸಂಪ್ರದಾಯವನ್ನು ಪಾಲಿಸುತ್ತ ಕೂತರೆ ಗಡುವು ಮೀರುತ್ತಿತ್ತು. ಹಾಗಾಗಿ ತಂಡ ಹೊರಗಿನವರ ಬಾಗಿಲು ತಟ್ಟಿತು. ಪ್ರೊಸೆಸರ್ ಇಂಟೆಲ್‌ನಿಂದ ಬಂತು, ಕಾರ್ಯಾಚರಣೆ ತಂತ್ರಾಂಶ ಮೈಕ್ರೋಸಾಫ್ಟ್‌ನಿಂದ. ಆ ತಂತ್ರಾಂಶವನ್ನು ಬೇರೆಯವರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಉಳಿಸಿಕೊಂಡಿತು.

1981ರ ಆಗಸ್ಟ್ 12ರಂದು ಐಬಿಎಂ ಪಿ.ಸಿ. ಹೊರಬಂತು. ಆರಂಭಿಕ ಬೆಲೆ 1,565 ಡಾಲರ್. ಆ ಬೆಲೆಗೆ ಸಿಗುತ್ತಿದ್ದದ್ದು ಕೇವಲ 16 ಕಿಲೋಬೈಟ್ ಮೆಮೊರಿ. ಫ್ಲಾಪಿ ಡ್ರೈವಿಗೆ ಬೇರೆ ಹಣ. ಆದರೆ ಯಂತ್ರದೊಳಗೆ ಹೆಚ್ಚುವರಿ ಕಾರ್ಡುಗಳನ್ನು ಸಿಕ್ಕಿಸಲು ಐದು ಕಿಂಡಿಗಳಿದ್ದವು. ಸರ್ಕ್ಯೂಟ್ ನಕ್ಷೆಗಳನ್ನೊಳಗೊಂಡ ಕೈಪಿಡಿಯನ್ನು ಐಬಿಎಂ ತಾನೇ ಮಾರಾಟಕ್ಕಿಟ್ಟಿತು. ಹೊರಗಿನ ಕಂಪನಿಗಳು ತನ್ನ ಯಂತ್ರಕ್ಕೆ ಪೂರಕ ಕಾರ್ಡುಗಳನ್ನು ಮಾಡಲಿ ಎಂಬುದು ಅದರ ಉದ್ದೇಶ. ಮನೆಯ ಬೀಗವನ್ನೇ ಬೇರೆಯವರು ಮಾಡಿಯಾರು ಎಂದು ಅದು ಎಣಿಸಿರಲಿಲ್ಲ.

ಜಾಣ ನಕಲು

ಐಬಿಎಂ ಕೈಯಲ್ಲಿ ಉಳಿದಿದ್ದ ಬೀಗವೆಂದರೆ ‘ಬಯೋಸ್’ ಎಂಬ ಪುಟ್ಟ ತಂತ್ರಾಂಶ. ಯಂತ್ರ ಚಾಲೂ ಆದೊಡನೆ ಮೊದಲು ಕೆಲಸ ಮಾಡುವುದು ಇದೇ. ಇದಕ್ಕೆ ಕೃತಿಸ್ವಾಮ್ಯದ ರಕ್ಷಣೆ ಇತ್ತು. ನೇರವಾಗಿ ನಕಲು ಮಾಡಿದರೆ ಕೋರ್ಟು ಕಟ್ಟಿಟ್ಟ ಬುತ್ತಿ.

1982ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಇದಕ್ಕೊಂದು ದಾರಿ ಕಂಡುಕೊಂಡಿತು. ಒಂದು ಗುಂಪು ಐಬಿಎಂ ಬಯೋಸನ್ನು ಓದಿ, ಅದು ಏನೇನು ಮಾಡುತ್ತದೆ ಎಂಬ ವಿವರವನ್ನಷ್ಟೇ ಬರೆಯಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ಗುಂಪು, ಆ ವಿವರವನ್ನು ಆಧರಿಸಿ ಹೊಸದಾಗಿ ತಂತ್ರಾಂಶ ರಚಿಸಿತು. ಕೆಲಸ ಅದೇ, ಬರವಣಿಗೆ ಬೇರೆ. ಕಾನೂನು ಇದನ್ನು ತಡೆಯುವಂತಿರಲಿಲ್ಲ. 1984ರಲ್ಲಿ ಫೀನಿಕ್ಸ್ ಎಂಬ ಸಂಸ್ಥೆ ಇದೇ ವಿಧಾನದಲ್ಲಿ ತಯಾರಿಸಿದ ಬಯೋಸನ್ನು ಕೇಳಿದವರಿಗೆಲ್ಲ ಮಾರಲು ತೊಡಗಿತು. ಅಲ್ಲಿಗೆ ಬೀಗದ ಕೈ ಬೀದಿಗೆ ಬಂತು. ತೈವಾನಿನ ಕಂಪನಿಗಳು ಮದರ್‌ಬೋರ್ಡುಗಳನ್ನು ಅಗ್ಗದ ದರದಲ್ಲಿ ತಯಾರಿಸತೊಡಗಿದವು.

ಕಳೆದುಕೊಂಡ ಹಿಡಿತವನ್ನು ಮರಳಿ ಪಡೆಯಲು ಐಬಿಎಂ 1987ರಲ್ಲಿ ಪಿಎಸ್/2 ಯಂತ್ರಗಳನ್ನು ತಂದಿತು. ಅವುಗಳ ಕಿಂಡಿಗಳೇ ಬೇರೆ. ಹಳೆಯ ಕಾರ್ಡುಗಳು ಹೊಂದುತ್ತಿರಲಿಲ್ಲ. ಆ ವಿನ್ಯಾಸ ಬಳಸುವವರು ರಾಯಧನ ತೆರಬೇಕಿತ್ತು. ಮರುವರ್ಷವೇ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಒಂದಾಗಿ, ಹಳೆಯ ಕಾರ್ಡುಗಳನ್ನೂ ಒಪ್ಪುವ ತಮ್ಮದೇ ಮಾನಕವನ್ನು ಪ್ರಕಟಿಸಿದವು. ಐಬಿಎಂ ವಿನ್ಯಾಸ ಮೂಲೆ ಸೇರಿತು. ಕಂಪ್ಯೂಟರಿನ ಅಂಗಾಂಗಗಳು ಯಾರೊಬ್ಬರ ಸೊತ್ತೂ ಅಲ್ಲ ಎಂಬುದು ತೀರ್ಮಾನವಾದದ್ದು ಆಗ.

ಆಟ ಬರೆದ ಪಟ್ಟಿ

ಮೊದಲ ಪಿ.ಸಿ. ಆಟಕ್ಕೆ ಹೇಳಿ ಮಾಡಿಸಿದ ಯಂತ್ರವೇನಲ್ಲ. ಬಣ್ಣದ ಕಾರ್ಡು ಹಾಕಿದರೂ ಆಟಗಳಲ್ಲಿ ಏಕಕಾಲಕ್ಕೆ ಕಾಣುತ್ತಿದ್ದುದು ಸಾಮಾನ್ಯವಾಗಿ ನಾಲ್ಕೇ ಬಣ್ಣ. ಸದ್ದೆಂದರೆ ಪುಟ್ಟ ಸ್ಪೀಕರಿನ ಕೀರಲು ಧ್ವನಿ. 1982ರಲ್ಲಿ ಬಂದ ಕೊಮೊಡೋರ್ 64 ಈ ವಿಷಯದಲ್ಲಿ ಎಷ್ಟೋ ಮೇಲಾಗಿತ್ತು. ಆದರೆ ಪಿ.ಸಿ.ಯಲ್ಲಿ ಕಿಂಡಿಗಳಿದ್ದವಲ್ಲ! ಕೊರತೆಗಳನ್ನು ಒಂದೊಂದಾಗಿ ತುಂಬಿಕೊಳ್ಳಲು ಅಷ್ಟು ಸಾಕಾಯಿತು. 1987ರಲ್ಲಿ ವಿಜಿಎ ಬಂದು ಬಣ್ಣಗಳ ಸಂಖ್ಯೆ 256ಕ್ಕೇರಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಕಾರ್ಡು ಸಂಗೀತ, ಧ್ವನಿ ಎರಡನ್ನೂ ತಂದಿತು. ಜಾಯ್‌ಸ್ಟಿಕ್ ಜೋಡಿಸುವ ವ್ಯವಸ್ಥೆಯೂ ಅದರಲ್ಲೇ ಇತ್ತು.

ಯಾವ ಭಾಗಕ್ಕೆ ಹಣ ಹಾಕಬೇಕು ಎಂಬ ಲೆಕ್ಕವನ್ನು ಆಟಗಳು ಪದೇಪದೇ ಬದಲಿಸಿದವು. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟದಲ್ಲಿ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನದೇ. 386 ಪ್ರೊಸೆಸರಿನಲ್ಲಿ ಅದು ನಡೆಯುತ್ತಿತ್ತು, 486ರಲ್ಲಿ ಓಡುತ್ತಿತ್ತು. ಹಾಗಾಗಿ ಹಣವೆಲ್ಲ ಪ್ರೊಸೆಸರಿಗೆ ಹೋಯಿತು.

1996ರಲ್ಲಿ ಬಂದ ‘ಕ್ವೇಕ್’ ಇನ್ನೊಂದು ಪಾಠ ಕಲಿಸಿತು. ಆಗ ಇಂಟೆಲ್ ಪೆಂಟಿಯಂಗೆ ಎದುರಾಳಿಯಾಗಿ ಸೈರಿಕ್ಸ್ 6ಎಕ್ಸ್86 ಎಂಬ ಅಗ್ಗದ ಪ್ರೊಸೆಸರ್ ಸಿಗುತ್ತಿತ್ತು. ಪತ್ರ ಬರೆಯುವುದು, ಲೆಕ್ಕಪತ್ರ ಇಡುವುದು ಮೊದಲಾದ ಕಚೇರಿ ಕೆಲಸಗಳಲ್ಲಿ ಅದು ಪೆಂಟಿಯಂಗೆ ಸಮ. ಕೆಲವೊಮ್ಮೆ ಒಂದು ಕೈ ಮೇಲು. ಆದರೆ ಕ್ವೇಕ್ ಆಟ ದಶಾಂಶ ಲೆಕ್ಕಗಳನ್ನು ಹೇರಳವಾಗಿ ಬಳಸುತ್ತಿತ್ತು. ಪೆಂಟಿಯಂನಲ್ಲಿ ಆ ಲೆಕ್ಕದ ವಿಭಾಗ ಚುರುಕು, ಸೈರಿಕ್ಸ್‌ನಲ್ಲಿ ನಿಧಾನ. ದುಡ್ಡು ಉಳಿಸಿದೆವೆಂದು ಹಿಗ್ಗಿದವರು ಆಟ ತೆವಳುವುದನ್ನು ಕಂಡು ಪೆಚ್ಚಾದರು. ಅಗ್ಗದ ವಸ್ತು ಕೆಟ್ಟದ್ದೇ ಆಗಬೇಕಿಲ್ಲ, ಆದರೆ ಯಾವ ಕೆಲಸಕ್ಕೆ ಅಗ್ಗ ಎಂಬುದನ್ನು ಕೇಳಿಕೊಳ್ಳಬೇಕು.

ಅದೇ ವರ್ಷ ಮೆಮೊರಿ ಚಿಪ್ಪುಗಳ ಬೆಲೆ ಪಾತಾಳಕ್ಕೆ ಇಳಿಯಿತು. ಇದರಿಂದ ತ್ರಿಡಿಎಫ್ಎಕ್ಸ್ ಎಂಬ ಹೊಸ ಕಂಪನಿಗೆ ಅದೃಷ್ಟ ಕುದುರಿತು. 4 ಮೆಗಾಬೈಟ್ ಮೆಮೊರಿ ಹೊತ್ತ ಅದರ ವೂಡೂ ಚಿಪ್ಪಿನ ಕಾರ್ಡುಗಳು ಸುಮಾರು 300 ಡಾಲರಿಗೆ ಸಿಗುವಂತಾದವು. ಮೂರು ಆಯಾಮದ ಚಿತ್ರ ಬಿಡಿಸುವುದಷ್ಟೇ ಅದರ ಕೆಲಸ; ಉಳಿದದ್ದಕ್ಕೆ ಹಳೆಯ ಕಾರ್ಡು ಇರಲೇಬೇಕಿತ್ತು. 1997ರ ಆರಂಭದಲ್ಲಿ ಇಂಥ ಕಾರ್ಡುಗಳಿಗೆಂದೇ ಕ್ವೇಕ್‌ನ ಹೊಸ ರೂಪ ಬಂದಾಗ, ಚಿತ್ರದ ನಯ ಕಂಡವರು ಹಿಂದಿರುಗಿ ನೋಡಲಿಲ್ಲ. ಪಟ್ಟಿಯ ಮೊದಲ ಸಾಲಿಗೆ ಗ್ರಾಫಿಕ್ಸ್ ಕಾರ್ಡು ಏರಿತು. ಸ್ವತಃ ತ್ರಿಡಿಎಫ್ಎಕ್ಸ್ ಬಹುಕಾಲ ಬಾಳಲಿಲ್ಲ. 2000ದ ಕೊನೆಯಲ್ಲಿ ಅದರ ಆಸ್ತಿ ಎನ್ವಿಡಿಯಾ ಪಾಲಾಯಿತು.

ಬಡವರ ಪೆಂಟಿಯಂ

ಬಜೆಟ್ ಕೊಳ್ಳುವವರ ಕಥೆಗಳಲ್ಲಿ ದಂತಕಥೆಯಾಗಿ ಉಳಿದಿರುವುದು 1998ರ ಸೆಲೆರಾನ್ 300ಎ. ಅಗ್ಗದ ಯಂತ್ರಗಳಿಗಾಗಿ ಇಂಟೆಲ್ ಆ ವರ್ಷ ಏಪ್ರಿಲ್‌ನಲ್ಲಿ ತಂದ ಮೊದಲ ಸೆಲೆರಾನ್‌ನಲ್ಲಿ, ಪ್ರೊಸೆಸರಿನ ಪಕ್ಕದ ಉಗ್ರಾಣದಂತಿರುವ ಎರಡನೇ ಹಂತದ ಕ್ಯಾಶ್ ಮೆಮೊರಿಯೇ ಇರಲಿಲ್ಲ; ಅದು ಟೀಕೆಗೆ ಗುರಿಯಾಯಿತು. ಆಗಸ್ಟಿನಲ್ಲಿ ಬಂದ 300ಎ ಪ್ರೊಸೆಸರಿಗೆ ಇಂಟೆಲ್ 128 ಕಿಲೋಬೈಟ್ ಕ್ಯಾಶನ್ನು ಚಿಪ್ಪಿನೊಳಗೇ ಸೇರಿಸಿತು. ದುಬಾರಿ ಪೆಂಟಿಯಂ 2ರಲ್ಲಿ ಕ್ಯಾಶ್ 512 ಕಿಲೋಬೈಟ್ ಇದ್ದರೂ ಅದು ಹೊರಗಿತ್ತು, ಅರ್ಧ ವೇಗದಲ್ಲಿ ಕೆಲಸ ಮಾಡುತ್ತಿತ್ತು.

300ಎ ಓಡಬೇಕಾದದ್ದು 66 ಮೆಗಾಹರ್ಟ್ಸ್ ಮದರ್‌ಬೋರ್ಡ್ ವೇಗದ ನಾಲ್ಕೂವರೆ ಪಟ್ಟು, ಅಂದರೆ 300 ಮೆಗಾಹರ್ಟ್ಸ್. ಬೋರ್ಡಿನ ವೇಗವನ್ನು 100ಕ್ಕೆ ಏರಿಸಿದರೆ ಅದು 450 ಆಗುತ್ತಿತ್ತು. ಬಹಳಷ್ಟು ಚಿಪ್ಪುಗಳು ಈ ಹೊರೆಯನ್ನು ಸಲೀಸಾಗಿ ಹೊತ್ತವು. ಬಿಡುಗಡೆಯ ದಿನ 300ಎ ಬೆಲೆ 149 ಡಾಲರ್; ಅದೇ ದಿನ ಬಂದ 450 ಮೆಗಾಹರ್ಟ್ಸ್ ಪೆಂಟಿಯಂ 2ರ ಬೆಲೆ 669 ಡಾಲರ್. ಆಟಗಳಲ್ಲಿ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎಲ್ಲ ಚಿಪ್ಪುಗಳೂ ಹೀಗೆ ಓಡುತ್ತವೆಂಬ ಖಾತರಿ ಇರಲಿಲ್ಲ, ಸುಟ್ಟುಹೋದರೆ ಕೇಳುವವರೂ ಇರಲಿಲ್ಲ. ಆದರೂ ಯಂತ್ರದ ಮರ್ಮ ತಿಳಿದವನಿಗೆ ಹಣದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳಲು ಸಾಧ್ಯ ಎಂಬುದು ಸಿದ್ಧವಾಯಿತು.

ಭಾರತಕ್ಕೆ ಬಂದ ಬಗೆ

ಭಾರತದಲ್ಲಿ 1984ರ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿತು. 1997ರಲ್ಲಿ ದೇಶ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದವನ್ನು ಸೇರಿದ ಮೇಲೆ ಕಂಪ್ಯೂಟರ್ ಸರಕುಗಳ ಸುಂಕ ಹಂತಹಂತವಾಗಿ ಇಳಿಯಿತು. ಕಂಪನಿ ಯಂತ್ರದ ಬೆಲೆ ಕೇಳಿ ಹಿಂಜರಿಯುತ್ತಿದ್ದ ಮಧ್ಯಮ ವರ್ಗದ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಬಹುಪಾಲು ‘ಅಸೆಂಬಲ್ಡ್’ ರೂಪದಲ್ಲಿ. ಓದಿಗೆಂದು ತಂದೆ ತಾಯಿ ಕೊಡಿಸಿದ ಯಂತ್ರಕ್ಕೆ ಮುಂದೆ ಒಂದು ಗ್ರಾಫಿಕ್ಸ್ ಕಾರ್ಡು ಸೇರಿ ಅದು ಆಟದ ಯಂತ್ರವಾಗುತ್ತಿದ್ದುದೂ ಉಂಟು. ಪೆಟ್ಟಿಗೆ ಬಿಚ್ಚಿ ನೋಡುವ ಧೈರ್ಯ ಅನೇಕರಿಗೆ ಬಂದದ್ದು ಹೀಗೆ.

ಇಂದಿನ ಲೆಕ್ಕ

ಹಳೆಯ ಪಾಠಗಳು ಇಂದಿಗೂ ಸಲ್ಲುತ್ತವೆ. ಯಂತ್ರದ ವೇಗವನ್ನು ನಿರ್ಧರಿಸುವುದು ಅದರ ಅತ್ಯಂತ ನಿಧಾನದ ಭಾಗ. ಆದ್ದರಿಂದ ಮೊದಲು ಆಟ ಯಾವುದು, ಪರದೆ ಎಷ್ಟು ದೊಡ್ಡದು ಎಂದು ನಿಶ್ಚಯಿಸಿ, ಆಮೇಲೆ ಗ್ರಾಫಿಕ್ಸ್ ಕಾರ್ಡು, ಅದಕ್ಕೆ ತಕ್ಕ ಪ್ರೊಸೆಸರ್ ನೋಡುವುದು ವಾಡಿಕೆ. ಪವರ್ ಸಪ್ಲೈನಲ್ಲಿ ಮಾತ್ರ ಜಿಪುಣತನ ಸಲ್ಲದು. ಅದು ಕೆಟ್ಟರೆ ಉಳಿದ ಭಾಗಗಳನ್ನೂ ಕರೆದೊಯ್ಯಬಹುದು. ತೀರ ಕಡಿಮೆ ಹಣದವರಿಗೆ ಗ್ರಾಫಿಕ್ಸ್ ವಿಭಾಗ ಒಳಗೇ ಇರುವ ಪ್ರೊಸೆಸರುಗಳಿವೆ. 2018ರಲ್ಲಿ ಎಎಂಡಿ 99 ಡಾಲರಿಗೆ ತಂದ ರೈಜೆನ್ 3 2200ಜಿ ಈ ದಾರಿಯನ್ನು ಜನಪ್ರಿಯಗೊಳಿಸಿತು. ಕಾರ್ಡನ್ನು ಮುಂದೆ ಸೇರಿಸಿಕೊಳ್ಳಬಹುದು. ಕಿಂಡಿ ಇದ್ದೇ ಇದೆ.

ಆದರೆ ಕೊಳ್ಳುವವರ ಈ ಸ್ವಾತಂತ್ರ್ಯ ಶಾಶ್ವತವೇನಲ್ಲ. 2020ರಿಂದ 2022ರವರೆಗೆ ಕ್ರಿಪ್ಟೊ ನಾಣ್ಯ ಗಳಿಸುವವರು ಗ್ರಾಫಿಕ್ಸ್ ಕಾರ್ಡುಗಳನ್ನು ರಾಶಿ ರಾಶಿಯಾಗಿ ಕೊಂಡು, ಆಟಗಾರರಿಗೆ ಅವು ಕೈಗೆಟುಕದಂತಾಗಿದ್ದವು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ವಿಧಾನ ಬದಲಿಸಿದ ಮೇಲೆ ಆ ಕಾಟ ತಗ್ಗಿತು. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದ ಮೆಮೊರಿ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ಮೆಮೊರಿ ವ್ಯಾಪಾರವನ್ನೇ ಕೈಬಿಡುವುದಾಗಿ ಘೋಷಿಸಿತು. ಇನ್ನೊಂದೆಡೆ, ಮೆಮೊರಿಯನ್ನು ಬೋರ್ಡಿಗೇ ಬೆಸೆದ, ಬದಲಿಸಲಾಗದ ಲ್ಯಾಪ್‌ಟಾಪುಗಳು ಹೆಚ್ಚುತ್ತಿವೆ.

1996ರಲ್ಲಿ ಮೆಮೊರಿ ಬೆಲೆ ಕುಸಿದದ್ದು ಆಟಗಾರರಿಗೆ ಹೊಸ ಬಾಗಿಲು ತೆರೆದಿತ್ತು. ಅದೇ ಬೆಲೆ ಏರಿದರೆ ಬಾಗಿಲು ಮೊದಲು ಮುಚ್ಚುವುದು ಚಿಕ್ಕ ಪಟ್ಟಿ ಹಿಡಿದು ಬಂದವರಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಬಿಡಿಭಾಗಗಳ ಕಂಪ್ಯೂಟರ್ ಕೊಟ್ಟ ಅನುಕೂಲವೆಂದರೆ, ಹಾಸಿಗೆಯನ್ನು ವರ್ಷಕ್ಕೊಂದು ಗೇಣು ಉದ್ದ ಮಾಡಿಕೊಳ್ಳುವ ಅವಕಾಶ. ಕಿಂಡಿಗಳು ತೆರೆದಿರುವಷ್ಟು ಕಾಲ ಆ ಅವಕಾಶವೂ ಉಳಿದಿರುತ್ತದೆ.