ಕುಬಸವೆಂಬ ಮಾತು

ಗೋಕಾಕ ತಾಲೂಕಿನ ಮಮದಾಪುರದಲ್ಲಾಗಲಿ, ಮೂಡಲಗಿ ಹುಕ್ಕೇರಿಗಳ ಕಡೆಯ ಯಾವ ಹಳ್ಳಿಯಲ್ಲೇ ಆಗಲಿ, ಬಸುರಾದ ಹೆಣ್ಣುಮಗಳ ಸುದ್ದಿ ಹೆಂಗಸರ ಮಾತಿನಲ್ಲಿ ಸುಳಿಯಿತೆಂದರೆ ಮೊದಲನೆಯ ಪ್ರಶ್ನೆ "ಎಷ್ಟ ತಿಂಗಳಾತ?" ಎಂಬುದು, ಎರಡನೆಯದು "ಕುಬಸಾ ಮಾಡಿದ್ರೇನ?" ಎಂಬುದು. ದಕ್ಷಿಣದ ಕನ್ನಡಿಗರು ಸೀಮಂತವೆಂದೂ ನೆರೆಯ ಮರಾಠಿಗರು ಡೋಹಾಳೆ ಜೇವಣವೆಂದೂ ಕರೆಯುವ ಸಂಭ್ರಮಕ್ಕೆ ಈ ಸೀಮೆಯ ಜನ ಹೆಣ್ಣಿನ ಮೈಮೇಲಣ ಒಂದು ತುಂಡು ಬಟ್ಟೆಯ ಹೆಸರನ್ನಿಟ್ಟರು. ಸೀಮಂತವೆಂಬ ಹೆಸರು ಬೈತಲೆಯಿಂದ ಬಂದದ್ದು, ಡೋಹಾಳೆಯೆಂಬುದು ಬಯಕೆಯಿಂದ ಬಂದದ್ದು, ಕುಬಸವಾದರೋ ದರ್ಜಿಯ ಕತ್ತರಿಯಿಂದ ಬಂದದ್ದು. ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದುದು ಈ ಕಡೆಯದೇ.

ಕುಬಸವೆಂಬುದು ಕುಪ್ಪಸದ ಆಡುರೂಪವೆಂದೂ ಕುಪ್ಪಸವು ಸಂಸ್ಕೃತದ ಕೂರ್ಪಾಸದ ತದ್ಭವವೆಂದೂ ನಿಘಂಟುಕಾರರು ಹೇಳುತ್ತಾರೆ. ಅಮರಸಿಂಹನು ಚೋಲವೆಂಬ ಪದಕ್ಕೆ ಸಮನಾಗಿ ಕೂರ್ಪಾಸಕವನ್ನು ಹೇಳಿದ್ದಾನೆ. ಋತುಸಂಹಾರದ ಕವಿ ಶಿಶಿರವನ್ನು ವರ್ಣಿಸುವಲ್ಲಿ ವಿಲಾಸಿನಿಯರ ಎದೆಯನ್ನು ಬಿಗಿದು ಹಿಡಿದ ಮನೋಹರವಾದ ಕೂರ್ಪಾಸಕವನ್ನು ನೆನೆದಿದ್ದಾನೆ. ಕವಿಸಮಯದಲ್ಲಿ ಅಷ್ಟು ಬಿಗಿಯಾಗಿದ್ದ ಆ ವಸ್ತ್ರವೇ ಉತ್ತರ ಕರ್ನಾಟಕದ ಒಕ್ಕಲಗಿತ್ತಿಯ ಮೈಗೆ ಬರುವ ವೇಳೆಗೆ ಗುಳೇದಗುಡ್ಡದ ಖಣದಲ್ಲಿ ಹೊಲಿದ, ಗುಂಡಿಯಿಲ್ಲದ, ಮುಂದುಗಡೆಯ ಎರಡು ತುದಿಗಳನ್ನು ಕೂಡಿಸಿ ಎದೆಯ ಕೆಳಗೆ ಗಂಟು ಹಾಕಿಕೊಳ್ಳುವ ಕುಬಸವಾಯಿತು. ಗಂಟಿನ ಕುಬಸದ ಗುಣವೇನೆಂದರೆ, ತೊಟ್ಟವಳು ಯಾರನ್ನೂ ಕೇಳದೆ ಅದನ್ನು ಸಡಿಲಿಸಿಕೊಳ್ಳಬಹುದು. ಐದು ತಿಂಗಳು ಕಳೆದ ಮೇಲೆ ಆ ಗಂಟೂ ಸಾಲದಾಗುತ್ತದೆ. ಆಗ ಹೆತ್ತವಳು ಮಗಳ ಮೈಯ ಹೊಸ ಅಳತೆಯನ್ನು ಊಹಿಸಿ, ಸಡಿಲವಾದ ಹೊಸ ಕುಬಸವೊಂದನ್ನು ಹೊಲಿಸಿ, ಹಸಿರು ಸೀರೆ ಹಸಿರು ಬಳೆಗಳೊಡನೆ ಹೊತ್ತು ತರುತ್ತಾಳೆ. ಶಾಸ್ತ್ರವು ಹುಟ್ಟಿದ್ದು ಈ ಅಗತ್ಯದಿಂದಲೇ ಎಂಬುದು ನನ್ನ ಊಹೆ. ಪಂಡಿತರು ಬೇರೆ ಹೇಳಿದರೆ ವಾದಕ್ಕೆ ನಿಲ್ಲುವವನಲ್ಲ, ಆದರೆ ಊಹೆಯನ್ನು ಬಿಡುವವನೂ ಅಲ್ಲ.

ಸೋಜಿಗದ ಸಂಗತಿಯೆಂದರೆ, ಬಟ್ಟೆಯ ಅರ್ಥದಲ್ಲಿ ಈ ಮಾತು ಇಂದು ಬಹುಮಟ್ಟಿಗೆ ಸತ್ತೇ ಹೋಗಿದೆ. ಮೊದಲು ಜಂಪರು ಬಂದಿತು, ತರುವಾಯ ಬ್ಲೌಸು ಬಂದಿತು, ಕಾಲೇಜಿಗೆ ಹೋಗುವ ಹುಡುಗಿಗೆ "ನಿನ್ನ ಕುಬಸ ಎಲ್ಲೈತಿ?" ಎಂದು ಕೇಳಿದರೆ ನಕ್ಕಾಳು. ಆದರೂ ಅದೇ ಹುಡುಗಿ ಮದುವೆಯಾಗಿ ವರ್ಷ ತುಂಬುವುದರೊಳಗೆ ತನ್ನ ಕುಬಸಕ್ಕೆ ಗೆಳತಿಯರನ್ನು ಕರೆಯುತ್ತಾಳೆ. ವಸ್ತುವು ಅಳಿದು ಅದರ ಸುತ್ತ ಕೂಡಿದ ಜನರ ಮೇಲೆ ಹೆಸರು ಉಳಿದುಕೊಂಡಿತು.

ಸೀಮಂತೋನ್ನಯನವು ವೈದಿಕರ ಷೋಡಶ ಸಂಸ್ಕಾರಗಳಲ್ಲೊಂದು. ಗಂಡನು ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆಯನ್ನು ತೆಗೆಯಬೇಕು, ಹೋಮ ಮಾಡಬೇಕು, ವೀಣೆಯವರಿಂದ ಸೋಮರಾಜನನ್ನು ಹಾಡಿಸಬೇಕು ಎಂದು ವಿಧಿಸುವ ಆಶ್ವಲಾಯನ ಗೃಹ್ಯಸೂತ್ರವು, ಇಷ್ಟನ್ನೆಲ್ಲ ಹೇಳಿ ಮುಗಿಸುವಲ್ಲಿ, ಗಂಡನೂ ಮಕ್ಕಳೂ ಬದುಕಿರುವ ವೃದ್ಧ ಸ್ತ್ರೀಯರು ಏನೇನನ್ನು ಹೇಳುವರೋ ಅದನ್ನೆಲ್ಲ ಮಾಡತಕ್ಕದ್ದು ಎಂದು ಒಂದು ಚಿಕ್ಕ ಸೂತ್ರವನ್ನು ಸೇರಿಸುತ್ತದೆ. ಮಂತ್ರ ತಂತ್ರಗಳನ್ನು ಬೆರಳೆಣಿಸಿ ಹೇಳಿದ ಋಷಿಯು ಇಲ್ಲಿಗೆ ಬಂದು, ಮುಂದಿನದು ತನಗೆ ತಿಳಿಯದೆಂದು ಅಜ್ಜಿಯರ ಕೈಗೆ ಒಪ್ಪಿಸಿ ಎದ್ದುಹೋದಂತಿದೆ. ಕುಬಸವು ಆರಂಭವಾಗುವುದು ಅಲ್ಲಿಂದಲೇ. ಅಗ್ನಿಯಾಗಲಿ ಪುರೋಹಿತನಾಗಲಿ ಇದಕ್ಕೆ ಬೇಕಿಲ್ಲ. ಗಂಡನು ಬಂದರೆ ಬಂದ, ಬಾರದಿದ್ದರೆ ಯಾರೂ ಹುಡುಕುವುದಿಲ್ಲ.

ಇದಕ್ಕೂ ಮೊದಲು ಕಳ್ಳಗುಬಸವೆಂಬುದೊಂದುಂಟು. ಮೂರರಲ್ಲೋ ಐದರಲ್ಲೋ, ಊರಿಗೆ ಸುದ್ದಿಯಾಗುವ ಮುನ್ನ, ತಾಯಿ ಮತ್ತು ಒಬ್ಬಿಬ್ಬರು ಹತ್ತಿರದ ಹೆಂಗಸರು ಸದ್ದಿಲ್ಲದೆ ಬಂದು ಉಡಿ ತುಂಬಿ ಹೋಗುತ್ತಾರೆ. ಮರಾಠಿಯಲ್ಲಿ ಇದಕ್ಕೆ ಸರಿಯಾದ ಚೋರ ಓಟಿ ಇದೆ. ಕಣ್ಣು ತಾಗೀತೆಂಬ ಭಯ ಮೇಲಿನ ಕಾರಣ; ಮೊದಲ ತಿಂಗಳುಗಳಲ್ಲಿ ಬಸಿರು ನಿಲ್ಲದೆ ಹೋದೀತೆಂಬುದು ಒಳಗಿನ ಕಾರಣ. ಊರನ್ನೇ ಕರೆದು ಸಂಭ್ರಮಿಸಿದ ಮೇಲೆ ಊರಿಗೆಲ್ಲ ದುಃಖದ ಲೆಕ್ಕ ಒಪ್ಪಿಸಬೇಕಾದೀತಲ್ಲವೆ? ಆ ಸಂಕಟವನ್ನು ತಪ್ಪಿಸುತ್ತಲೇ, ಆ ಎಳೆಯ ಹೆಣ್ಣು ತನ್ನ ಗುಟ್ಟನ್ನು ಒಬ್ಬಳೇ ಹೊರದಂತೆ ಇಬ್ಬರು ಮೂವರನ್ನು ಜೊತೆಗೂಡಿಸುವ ಈ ಉಪಾಯವನ್ನು ಕಂಡುಹಿಡಿದವರು ಯಾರೋ, ಅವರಿಗೆ ಮನುಷ್ಯರ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಏಳನೆಯ ತಿಂಗಳಲ್ಲಿ, ಕೆಲವರಲ್ಲಿ ಒಂಬತ್ತರಲ್ಲಿ, ನಡೆಯುವುದು ಬಹಿರಂಗದ ಕುಬಸ. ತವರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ: ಸಜ್ಜೆಯ ಕಡಕು ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಹಿಂಡಿ, ಶೇಂಗಾದ ಹೋಳಿಗೆ, ಕರ್ಚಿಕಾಯಿ, ಮೊಸರನ್ನ. ಬಳೆಗಾರನು ಹಸಿರು ಬಳೆ ಏರಿಸುತ್ತಾನೆ, ಮುತ್ತೈದೆಯರು ಆರತಿ ಎತ್ತಿ ಸೋಬಾನೆ ಹಾಡುತ್ತಾರೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಬೀಳುತ್ತವೆ. ಗಂಡಸರು ಉಂಡು ಕೈತೊಳೆದು ಕಟ್ಟೆಯ ಕಡೆಗೆ ಹೋಗುತ್ತಾರೆ. ಕುಬಸವು ಮುಗಿಯಿತೆಂದು ಅವರು ತಿಳಿಯುವ ಆ ಗಳಿಗೆಯಲ್ಲಿಯೇ ಅದರ ನಿಜವಾದ ಭಾಗ ತೊಡಗುವುದು. ಒಳಮನೆಯಲ್ಲಿ ಚಾಪೆ ಹಾಸುತ್ತಾರೆ, ಬಸುರಿಗೆ ಕಾಲು ಚಾಚಲು ಜಾಗ ಬಿಡುತ್ತಾರೆ, ಎಲೆಯಡಿಕೆಯ ತಟ್ಟೆ ಸುತ್ತುತ್ತದೆ, ಮಾತು ಹೊರಡುತ್ತದೆ.

"ಯಕ್ಕಾ, ರಾತ್ರಿ ಮಗ್ಗಲಾ ಹೊಳ್ಳಾಕ ಬರವಲ್ದು" ಎಂದು ಬಸುರಿ ಹೇಳಿದರೆ, "ಎಡಮಗ್ಗಲಾ ಮಲಗ ತಂಗಿ, ಮಣಕಾಲಿನ ನಡಕ ತೆಲಿದಿಂಬ ಇಟಗೋ" ಎಂದು ನೆಗೆಣ್ಣಿ ಹೇಳುತ್ತಾಳೆ. ಒಬ್ಬಳು ತನಗೆ ಬ್ಯಾನೆ ಬಂದ ರಾತ್ರಿಯನ್ನು ವಿವರಿಸಿದರೆ ಮತ್ತೊಬ್ಬಳು ನಡುವೆ ಬಾಯಿಹಾಕಿ, "ಹುಡುಗಿಗೆ ಯಾಕ ಅಂಜಸ್ತೀ ಬಿಡವಾ" ಎಂದು ಗದರುತ್ತಾಳೆ. ಸುಳ್ಳು ಬ್ಯಾನೆ ಯಾವುದು, ಖರೆ ಬ್ಯಾನೆ ಯಾವುದು, ನೀರೊಡೆದರೆ ಏನು ಮಾಡಬೇಕು, ಅತ್ತೆಯ ಮುಂದೆ ಹೇಳಲಾರದ ಮಾತನ್ನು ಯಾರ ಮುಂದೆ ಹೇಳಬೇಕು ಎಂಬುದೆಲ್ಲ ಈ ಚಾಪೆಯ ಮೇಲೆಯೇ ಕೈಯಿಂದ ಕೈಗೆ ದಾಟುತ್ತದೆ. ಬಾಣಂತನಕ್ಕೆ ಅಂಟು ಎಷ್ಟು ಕರಿಯಬೇಕೆಂಬ ಚರ್ಚೆಯೂ ಉಂಟು. ಗೋಕಾಕದ ಕರದಂಟನ್ನು ಬಸ್ಸು ನಿಲ್ದಾಣದಲ್ಲಿ ಕೊಂಡು ಬೆಂಗಳೂರಿಗೆ ಒಯ್ಯುವ ಪ್ರಯಾಣಿಕರಲ್ಲಿ ಅದು ಬಾಣಂತಿಯ ಅಂಟಿನುಂಡೆಯ ಹತ್ತಿರದ ಸಂಬಂಧಿಯೆಂದು ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಭಯವನ್ನು ಭಯವೆಂದು ಹೇಳುವುದು ಮಾತ್ರ ಈ ಕೂಟದಲ್ಲಿಯೂ ಸುಲಭವಲ್ಲ. ಹಡೆಯುವಾಗ ಸತ್ತವರನ್ನು ಪ್ರತಿಯೊಂದು ಊರೂ ಕಂಡಿದೆ, ಆದರೆ ಹಸಿರು ಸೀರೆಯುಟ್ಟು ಕುಳಿತವಳು "ನಾನು ಉಳಿಯುವೆನೇ?" ಎಂದು ಕೇಳಿದರೆ ಅಪಶಕುನವೆನ್ನುತ್ತಾರೆ. ಆದುದರಿಂದ ಭಾಷೆಯು ಅವಳಿಗೆ ಬಯಕೆ ಎಂಬ ಮತ್ತೊಂದು ಪದವನ್ನು ಒದಗಿಸಿತು. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವುದೆಂದೂ, ಎರಡು ಹೃದಯಗಳುಳ್ಳ ಆಕೆ ದೌಹೃದಿನಿಯೆಂದೂ, ಆಕೆಯ ಬಯಕೆಯನ್ನು ತಡೆದರೆ ಕೂಸಿಗೆ ಊನವೆಂದೂ ಸುಶ್ರುತನು ಬರೆದನು. ವೈದ್ಯದೃಷ್ಟಿಯಿಂದ ಕಡೆಯ ಮಾತು ನಿಲ್ಲಲಾರದು. ಆದರೆ ಇಡೀ ವರ್ಷ ಏನನ್ನೂ ಕೇಳಬಾರದೆಂಬ ಕಟ್ಟಿನಲ್ಲಿದ್ದ ಸೊಸೆಗೆ ಕೆಲವು ತಿಂಗಳಾದರೂ ಕೇಳುವ ಅಧಿಕಾರವನ್ನು ಅದು ಕೊಟ್ಟಿತು. ತಿಂಗಳು ತಿಂಗಳಿಗೆ ಒಂದೊಂದನ್ನು ಬಯಸುವ ಹೆಣ್ಣಿನ ಹಾಡುಗಳು ನಮ್ಮ ಜನಪದದಲ್ಲಿ ಹೇರಳವಾಗಿವೆ. ಗೋಕಾಕ ತಾಲೂಕಿನ ಬೆಟಗೇರಿಯವರಾದ ಆನಂದಕಂದರಂತಹವರು ಶಿಷ್ಟ ಸಾಹಿತ್ಯಕ್ಕೆ ತಂದ ಜನಪದದ ಮಟ್ಟುಗಳ ಮೂಲವೂ ಇಂತಹ ಹಾಡುವ ಬಾಯಿಗಳೇ. ಆ ಹಾಡುಗಳಲ್ಲಿ ಹುಳಿಮಾವು ಬಯಸಿದವಳು ಹುಳಿಮಾವನ್ನೇ ಬಯಸಿರಬಹುದು; ತವರಿನ ಬಾವಿಯ ನೀರನ್ನು ಬಯಸಿದವಳು ನೀರನ್ನು ಬಯಸಿದಳೆಂದು ನಾನು ನಂಬಲಾರೆ. ಒಕ್ಕಲಿಗನು ಈ ಅಧಿಕಾರವನ್ನು ಹೊಲಕ್ಕೂ ವಿಸ್ತರಿಸಿದ್ದಾನೆ: ಸೀಗಿ ಹುಣ್ಣಿಮೆಯ ದಿನ ತೆನೆಯೊಡೆಯುವ ಪೈರನ್ನು ಬಸುರಿಯೆಂದು ಭಾವಿಸಿ, ಚರಗ ಚೆಲ್ಲಿ ಅವಳ ಬಯಕೆಯನ್ನು ತೀರಿಸುತ್ತಾನೆ.

ಚಾಪೆಯ ಮೇಲೆ ದಾಟುವುದೆಲ್ಲ ಜ್ಞಾನವೆಂದು ಹೇಳಿದರೆ ಹೆಂಗಸರಿಗೇ ಅನ್ಯಾಯ ಮಾಡಿದಂತಾದೀತು. ಕಬ್ಬಿಣದ ಗುಳಿಗೆ ನುಂಗಿದರೆ ಕೂಸು ಕಪ್ಪಾಗುವುದು, ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಠಿಣವಾಗುವುದು ಎಂಬ ಮಾತುಗಳೂ ಅಲ್ಲಿಂದಲೇ ಹೊರಡುತ್ತವೆ. ರಕ್ತವಿಲ್ಲದೆ ಬಿಳಿಚಿಕೊಂಡ ಹುಡುಗಿ ಗುಳಿಗೆಯ ಪೊಟ್ಟಣವನ್ನು ಗಲ್ಲೆಯಲ್ಲಿ ಬಚ್ಚಿಡುವುದಕ್ಕೆ ಇಂತಹ ಮಾತೊಂದು ಸಾಕು. ಕಾಲು ಬಾತರೆ "ಎಲ್ಲಾರಿಗೂ ಬರತಾವ ಬಿಡ" ಎನ್ನುವ ಸಮಾಧಾನವು ಬಹುಮಟ್ಟಿಗೆ ನಿಜವೇ ಆದರೂ, ಬಾವಿನೊಡನೆ ತಲೆನೋವೂ ಕಣ್ಣಿಗೆ ಮಂಜೂ ಸೇರಿದಾಗ ಅದು ಪ್ರಾಣಕ್ಕೆ ಎರವಾಗುತ್ತದೆ. ಆಗ ರಕ್ತದೊತ್ತಡವನ್ನು ಅಳೆಸದೆ ಗತ್ಯಂತರವಿಲ್ಲ. ಕೂಸು ಒದೆಯುವುದು ಕಡಿಮೆಯಾಯಿತೆಂದು ಬಸುರಿ ಹೇಳಿದ ಗಳಿಗೆಯಲ್ಲಿ "ಏಳ, ದವಾಖಾನಿಗೆ ನಡಿ" ಎಂದು ಸೆರಗು ಹಿಡಿದೆಬ್ಬಿಸುವ ಒಬ್ಬ ಅಕ್ಕನಿದ್ದರೆ ಆ ಕುಬಸವು ಸಾರ್ಥಕ.

ಇನ್ನೂ ದೊಡ್ಡ ಕುಂದೊಂದಿದೆ. ಸೂತ್ರಕಾರನು ಗಂಡನೂ ಮಕ್ಕಳೂ ಬದುಕಿರುವ ಸ್ತ್ರೀಯರು ಎಂದು ಹಾಕಿದ ಗೆರೆಯನ್ನು ನಮ್ಮ ಹಳ್ಳಿಗಳು ಸೂತ್ರವನ್ನು ಓದದೆಯೇ ಪಾಲಿಸಿಕೊಂಡು ಬಂದವು. ವಿಧವೆಗೆ, ಮಕ್ಕಳಾಗದವಳಿಗೆ ಈ ಚಾಪೆಯಲ್ಲಿ ಸ್ಥಳವಿಲ್ಲ. ಹೆತ್ತ ಕೂಸನ್ನು ಮಣ್ಣಿಗಿಟ್ಟು ಬಂದವಳು ತಾನಾಗಿಯೇ ಹಿಂದೆ ಸರಿಯುತ್ತಾಳೆ. ಅಪಾಯದ ಗುರುತನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ ಆಗಿರಬಹುದೆಂಬ ವಿವೇಕವು ಮಂಗಳಕಾರ್ಯಕ್ಕೆ ಹೊಳೆಯಲಿಲ್ಲ. ಅದೂ ಅಲ್ಲದೆ ಕುಬಸವು ಸಾಮಾನ್ಯವಾಗಿ ಚೊಚ್ಚಲಿಗೆ ಮಾತ್ರ. ಕಂಕುಳಲ್ಲಿ ಒಂದನ್ನೂ ಹೊಟ್ಟೆಯಲ್ಲೊಂದನ್ನೂ ಹೊತ್ತು ಕಬ್ಬಿನ ಗದ್ದೆಗೆ ಹೋಗುವವಳನ್ನು ಯಾರೂ ಕೂಡಿಸಿ ಕೇಳುವುದಿಲ್ಲ, ಒಮ್ಮೆ ಹಡೆದವಳಿಗೆ ಭಯವೇನೆಂಬ ಧೈರ್ಯದಿಂದ.

ಈಚೆಗೆ ಕುಬಸವು ಮಂಗಲ ಕಾರ್ಯಾಲಯವನ್ನು ಸೇರಿದೆ. ಹೂವಿನ ಕಮಾನಿನ ಕೆಳಗೆ ಸಿಂಹಾಸನದಂತಹ ಕುರ್ಚಿ, ಸಾಲಾಗಿ ಬಂದು ನಿಂತು ಫೋಟೊ ತೆಗೆಸಿಕೊಳ್ಳುವ ಜನ, ಹಿನ್ನೆಲೆಗೆ ಡಿಜೆ. ಫಲಕದ ಮೇಲೆ ಬೇಬಿ ಶವರ್ ಎಂಬ ಬರಹ. ಖರ್ಚನ್ನು ನಾನು ಆಕ್ಷೇಪಿಸುವುದಿಲ್ಲ. ಸಾಲ ಮಾಡಿ ಹೋಳಿಗೆ ಬಡಿಸಿದವರು ಹಿಂದೆಯೂ ಇದ್ದರು. ಆದರೆ ಎಂಟು ತಿಂಗಳ ಹೊಟ್ಟೆ ಹೊತ್ತವಳನ್ನು ಮೂರು ತಾಸು ನೆಟ್ಟಗೆ ಕೂಡಿಸಿ, ಅವಳ ಮಾತು ಯಾರಿಗೂ ಕೇಳದಷ್ಟು ಸದ್ದು ಮಾಡುವುದಕ್ಕೆ ಕುಬಸವೆಂಬ ಹೆಸರು ಒಪ್ಪುವುದಿಲ್ಲ.

ಹಳೆಯ ಕುಬಸದ ಒಳಮನೆಯನ್ನು ನಾನು ಇಂದು ಕಾಣುವುದು, ಯಾರೂ ನಿರೀಕ್ಷಿಸದ ಸ್ಥಳದಲ್ಲಿ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನವೆಂಬ ಹೆಸರಿನಲ್ಲಿ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದಾಚೆಯ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆಯರ ಹಿಂದೆ, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದವರೆಲ್ಲ ಪಾಳಿ ಬರುವವರೆಗೆ ಒಂದೇ ಬಾಕಿನ ಮೇಲೆ ಕಾಯಬೇಕು. ಅಲ್ಲಿ ಚೊಚ್ಚಲಿನವಳೂ ಮೂರನೆಯದರವಳೂ, ಹಿಂದಿನ ಕೂಸನ್ನು ಕಳೆದುಕೊಂಡವಳೂ, ಜಾತಿಮತಗಳಿಂದ ಒಬ್ಬರ ಮನೆಯ ಕುಬಸಕ್ಕೆ ಒಬ್ಬರು ಹೋಗದವರೂ ಭುಜಕ್ಕೆ ಭುಜ ತಾಗಿಸಿ ಕೂಡುತ್ತಾರೆ. "ನಿಂದ ರಕ್ತಾ ಎಷ್ಟೈತಿ?" ಎಂದು ಹಿಮೋಗ್ಲೋಬಿನ್ನಿನಿಂದ ಮಾತು ತೊಡಗಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಅಂಗನವಾಡಿಯಲ್ಲಿಯೂ ಸರ್ಕಾರವು ಸೀಮಂತ ಮಾಡಿಸುತ್ತದೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಬಸುರಿ ಬಾಣಂತಿಯರನ್ನು ಅಲ್ಲಿಗೇ ಕರೆದು ಬಿಸಿಯೂಟ ಬಡಿಸಲು ಹೊರಟಿತ್ತು. ದೂರವೆಂದೂ ಸಂಕೋಚವೆಂದೂ ಕೂಲಿ ತಪ್ಪುವುದೆಂದೂ ಬಾರದವರು ಬಹಳ. ಯೋಜಕರು ತತ್ತಿ ಹಾಲು ಚಿಕ್ಕಿಗಳ ಲೆಕ್ಕವನ್ನು ಸರಿಯಾಗಿ ಹಾಕಿದರು. ಒಟ್ಟಿಗೆ ಕುಳಿತು ಉಣ್ಣುವವರ ನಡುವೆ ಹುಟ್ಟುವ ಮಾತು ಯಾವ ಲೆಕ್ಕಕ್ಕೂ ಸಿಕ್ಕುವಂಥದಲ್ಲ.

ಆ ಮಾತಿನ ಬೆಲೆಯನ್ನು ಅಳೆಯಲು ಯತ್ನಿಸಿದವರೂ ಉಂಟು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ನಡೆಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆನೆಲ್, ಕ್ಲಾಸ್ ಮೊದಲಾದ ವೈದ್ಯರು, ಬ್ಯಾನೆ ತಿನ್ನುವ ಚೊಚ್ಚಲಿನವರಲ್ಲಿ ಕೆಲವರ ಪಕ್ಕದಲ್ಲಿ ಒಬ್ಬ ಸಾಮಾನ್ಯ ಹೆಂಗಸನ್ನು ಕೂಡಿಸಿದರು. ಆಕೆ ವೈದ್ಯಳಲ್ಲ, ಸೂಲಗಿತ್ತಿಯಲ್ಲ, ಮೊದಲಿನ ಪರಿಚಯದವಳೂ ಅಲ್ಲ. ಬೆನ್ನು ಸವರುವುದು, ಕೈಹಿಡಿಯುವುದು, ಮಾತಾಡುವುದು ಇಷ್ಟೇ ಆಕೆಯ ಕೆಲಸ. ಜೊತೆಯಿದ್ದವರಿಗೆ ಹೆರಿಗೆಯು ಸರಾಸರಿ 8.8 ತಾಸುಗಳಲ್ಲಿ ಆಯಿತು; ಒಂಟಿಯಾಗಿದ್ದವರಿಗೆ 19.3 ತಾಸು ಹಿಡಿಯಿತು. ಅಧ್ಯಯನವು ಚಿಕ್ಕದು, ಅದರ ತರುವಾಯ ದೊಡ್ಡ ಪರಿಶೀಲನೆಗಳು ನಡೆದು, ಅಂತರವು ಅಷ್ಟು ದೊಡ್ಡದಲ್ಲದಿದ್ದರೂ ಜೊತೆಯಿಂದ ಹಿತವುಂಟೆಂಬುದು ಸ್ಥಿರಪಟ್ಟಿತು. 2016ರಲ್ಲಿ ಭಾರತ ಸರ್ಕಾರವೂ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಬಸುರಿಯ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದೂ, ಆಕೆ ಸ್ವತಃ ಹಡೆದವಳಾಗಿದ್ದರೆ ಒಳ್ಳಿತೆಂದೂ ತಿಳಿಸಿತು. ಆಶ್ವಲಾಯನನಿಗೆ ತಿಳಿದಿದ್ದ ಈ ಸಂಗತಿ ದಿಲ್ಲಿಯ ಕಡತಕ್ಕೆ ಬರಲು ಇಷ್ಟು ಶತಮಾನಗಳು ಬೇಕಾದವು. ಕಡತದಿಂದ ಹೆರಿಗೆ ಕೋಣೆಯ ಬಾಗಿಲಿಗೆ ಬರುವುದು ಎಷ್ಟೋ ಕಡೆ ಇನ್ನೂ ಉಳಿದಿದೆ. ಬಾಗಿಲಲ್ಲಿ ನಿಂತ ಅವ್ವನನ್ನು "ಹೊರಗ ಕುಂಡ್ರ ಆಯಿ" ಎಂದು ತಳ್ಳುವುದು ಇಂದಿಗೂ ನಡೆದಿದೆ.

ಆದುದರಿಂದ ಈ ಸೀಮೆಯ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ ಕುಬಸ ಮಾಡುವುದಾದರೆ ಡಿಜೆಯನ್ನು ಬಿಟ್ಟು ಚಾಪೆಯನ್ನು ಹಾಸಿರಿ, ಓಣಿಯ ವಿಧವೆ ದೊಡ್ಡವ್ವನನ್ನೂ ಕರೆಯಿರಿ. ಎರಡನೆಯ ಬಸಿರಿನವಳಿಗೆ ಸೀರೆಯಿಲ್ಲದಿದ್ದರೂ ಒಂದು ಮಧ್ಯಾಹ್ನವನ್ನು ಬಿಡುವು ಮಾಡಿ ಕೊಡಿರಿ. ಒಂಬತ್ತನೆಯ ತಾರೀಖು ಹೆಂಡತಿಯನ್ನೋ ಸೊಸೆಯನ್ನೋ ಮೋಟಾರ್ ಸೈಕಲ್ ಮೇಲೆ ದವಾಖಾನೆಗೆ ಕರೆದೊಯ್ಯುವ ಗಂಡಸರು, ಪಾಳಿ ಮುಗಿದೊಡನೆ "ನಡಿ, ಹೊತ್ತಾತು" ಎಂದು ಅವಸರಿಸದೆ, ಹೊರಗೆ ಒಂದು ಕಪ್ಪು ಚಹಾ ಹೆಚ್ಚಾಗಿ ಕುಡಿದು, ಆ ಬಾಕಿನ ಮೇಲಿನ ಮಾತು ಮುಗಿಯುವವರೆಗೆ ಕಾಯಲಿ.